ಪ್ಯಾಶನ್‌ಗೆ ಗಂಟೆಗೆ ಎಷ್ಟು?

ಮೊನ್ನೆ ಶಿವಮೊಗ್ಗದಲ್ಲಿ ನೆಂಟರ ಮದುವೆ. ಎರಡನೇ ಪಂಕ್ತಿಗೆ ಕಾಯ್ತಾ ನಿಂತಿದ್ದಾಗ ಬೆಂಗಳೂರಿಂದ ಬಂದಿದ್ದ ಭಾವ ಸಿಕ್ಕರು. ವೈಟ್‌ಫೀಲ್ಡಲ್ಲಿ ದೊಡ್ಡ ಕಂಪನಿ, ದೊಡ್ಡ ಹುದ್ದೆ. ಒಳ್ಳೆಯ ಮನುಷ್ಯ, ನನಗೆ ಇಷ್ಟ. ಅದಕ್ಕೇ ಈ ಜಗಳ.

“ನಿಂದೇ ಪುಣ್ಯ ಕಣೇ” ಅಂದರು. “ಇಷ್ಟಪಟ್ಟ ಕೆಲಸ ಮಾಡ್ಕೊಂಡು ಊರಲ್ಲೇ ಆರಾಮಾಗಿದೀಯ. ನಮ್ಮದೂ ಒಂದು ಲೈಫಾ?”

ನಾನು ನಕ್ಕೆ. ಈ ಮಾತು ಕೇಳಿದಾಗೆಲ್ಲ ನಗೋದು ಅಭ್ಯಾಸ ಆಗಿದೆ. ಅವರು ಮುಂದುವರಿಸಿದರು: “ಅಂದಹಾಗೆ ನಮ್ಮ ಮ್ಯಾನೇಜರ್ ಕಂಪನಿ ಬಿಡ್ತಿದಾರೆ. ಅವರದೊಂದು ಪುಟ್ಟ ಗೊಂಬೆ ಮಾಡ್ಕೊಡೇ, ಬುಲೆಟ್ ಮೇಲೆ ಕೂತಿರೋ ಹಾಗೆ. ಹೇಗೂ ಮನೇಲೇ ಇರ್ತೀಯಲ್ಲ. ಟೀಮಲ್ಲಿ ನಲವತ್ತು ಜನ ಇದೀವಿ, ಎಲ್ಲರೂ ಸ್ಟೇಟಸ್ ಹಾಕ್ತೀವಿ. ನಿಂಗೂ ಎಕ್ಸ್‌ಪೋಷರ್.”

ಅಷ್ಟರಲ್ಲಿ ಪಂಕ್ತಿ ಎದ್ದಿತು. ನಾನು ಉತ್ತರ ಕೊಡಲಿಲ್ಲ. ಹೋಳಿಗೆ ಬಂದಾಗಲೂ ಅದೇ ಯೋಚನೆ, ಮಜ್ಜಿಗೆ ಬಂದಾಗಲೂ ಅದೇ ಯೋಚನೆ. ಮನೆಗೆ ಬಂದು ಬರೆಯಲು ಕೂತೆ. ಭಾವನಿಗೆ ಒಬ್ಬರಿಗೇ ಅಲ್ಲ, ನಿಮಗೆ. ಯಾಕಂದ್ರೆ ಇದನ್ನು ಓದ್ತಿರೋರಲ್ಲಿ ಅರ್ಧ ಜನ ನನಗೆ ಇದೇ ಮಾತು ಬೇರೆ ಬೇರೆ ಇಮೋಜಿ ಹಾಕಿ ಕಳಿಸಿದೀರಿ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡ್ತೀನಿ. ಅದು ಗೊತ್ತಿಲ್ಲದೆ ಅಸೂಯೆ ಪಡೋದು ಸುಲಭ. ನಾನು ಮಿನಿಯೇಚರ್ ಪೇಂಟರ್. ವಾರ್‌ಹ್ಯಾಮರ್ ಥರದ ಟೇಬಲ್ ಆಟಗಳಿವೆಯಲ್ಲ, ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕರು, ರಾಕ್ಷಸರು, ಡ್ರ್ಯಾಗನ್‌ಗಳನ್ನು ಮೇಜಿನ ಮೇಲೆ ಸೈನ್ಯದ ಹಾಗೆ ನಿಲ್ಲಿಸಿ ದಾಳ ಹಾಕಿ ಆಡುವಂಥವು, ಅದರ ಗೊಂಬೆಗಳು ಬಣ್ಣವಿಲ್ಲದೆ ಬೂದು ಬೂದಾಗಿ ಬರುತ್ತವೆ. ಕೊಂಡವರಿಗೆ ಬಣ್ಣ ಹಚ್ಚಲು ಪುರುಸೊತ್ತಿರಲ್ಲ, ಅಥವಾ ಕೈ ಕೂರಲ್ಲ. ಅವರು ನನಗೆ ಕಳಿಸ್ತಾರೆ, ನಾನು ಹಚ್ಚಿ ವಾಪಸ್ ಕಳಿಸ್ತೀನಿ. ಬೆಂಗಳೂರು, ಪುಣೆಯವರೂ ಇದಾರೆ, ಹೊರದೇಶದವರೂ ಇದಾರೆ. ಕೆಲಸ ಮಾಡುವಾಗ ಅದನ್ನೇ ವಿಡಿಯೋ ಮಾಡಿ ಹಾಕ್ತೀನಿ. ಇದಿಷ್ಟೇ. ಇದರಿಂದ ಮನೆ ಬಾಡಿಗೆ, ಅಮ್ಮನ ಬಿಪಿ ಮಾತ್ರೆ, ಅಂಗಡಿ ಸಾಮಾನು ಎಲ್ಲ ನಡೀಬೇಕು.

ಈ ಗೊಂಬೆಗಳ ಸಾಮಾನ್ಯ ಅಳತೆ 28 ಮಿಲಿಮೀಟರ್. ಮಲೆನಾಡಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಒಂದು ಚಾಲಿ ಅಡಿಕೆಯಷ್ಟು ಎತ್ತರ. ತಲೆ ಒಂದು ಕರಿಮೆಣಸಿನ ಕಾಳು. ಆ ಮೆಣಸಿನ ಕಾಳಿನಲ್ಲಿ ಎರಡು ಕಣ್ಣು, ಕಣ್ಣಿಗೆ ಬಿಳಿ, ಬಿಳಿ ಒಳಗೆ ಕಪ್ಪು ಚುಕ್ಕೆ, ಎರಡೂ ಒಂದೇ ಕಡೆ ನೋಡಬೇಕು. ಒಂದು ಕೂದಲೆಳೆ ಆಚೀಚೆ ಆದರೆ ವೀರ ಯೋಧ ಮೆಳ್ಳೆಗಣ್ಣ ಆಗ್ತಾನೆ. ಆಗ ಒರೆಸಿ, ಮುಖವನ್ನು ಮತ್ತೆ ಮೊದಲಿಂದ. ಉಸಿರು ಬಿಟ್ಟು, ಮುಂದಿನ ಉಸಿರು ತಗೊಳ್ಳೋ ಮುಂಚಿನ ಆ ಒಂದು ಕ್ಷಣದಲ್ಲಿ ಚುಕ್ಕೆ ಇಡಬೇಕು. ಎರಡೂ ಮಣಿಕಟ್ಟು ಒಂದಕ್ಕೊಂದು ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಕೈ ನಡುಗೋದು ಗ್ಯಾರಂಟಿ.

ಬಣ್ಣಕ್ಕಿಂತ ಮುಂಚೆಯೇ ಅರ್ಧ ಕೆಲಸ. ಅಚ್ಚಿನಿಂದ ಬಂದ ಗೊಂಬೆಯ ಮೈಮೇಲೆ ಸಣ್ಣ ಏಣು ಉಳಿದಿರುತ್ತೆ, ಅದನ್ನು ಬ್ಲೇಡಿನಿಂದ ಹೆರೆಯಬೇಕು. ತೊಳೆದು ಒಣಗಿಸಿ ಪ್ರೈಮರ್ ಹೊಡೀಬೇಕು. ಆಮೇಲೆ ಮೂಲ ಬಣ್ಣ, ಅದೂ ಹಾಲಿನಷ್ಟು ತೆಳು ಮಾಡಿಕೊಂಡು ಎರಡು ಮೂರು ಪದರ. ದಪ್ಪ ಹಚ್ಚಿದರೆ ಮುಖದ ಗೆರೆಗಳೆಲ್ಲ ಮುಚ್ಚಿಹೋಗಿ ಗೊಂಬೆಗೆ ಅಮ್ಮ ಎದ್ದ ಹಾಗೆ ಕಾಣುತ್ತೆ. ಆಮೇಲೆ ವಾಶ್, ಅಂದರೆ ನೀರಾದ ಕಪ್ಪು ಬಣ್ಣ, ಸಂದುಗಳಿಗೆ ಇಳಿದು ನೆರಳಾಗೋದು. ಆಮೇಲೆ ಉಬ್ಬಿದ ಕಡೆಗಳಿಗೆ ತಿಳಿ ಬಣ್ಣ, ಅದಕ್ಕಿಂತ ತಿಳಿ, ಕೊನೆಗೆ ಅಂಚಿಗೆ ಮಾತ್ರ ಬಿಳಿಯ ಹತ್ತಿರದ್ದು. ಆಟಕ್ಕೆ ಸಾಕು ಅನ್ನುವಂಥ ಗೊಂಬೆಗೆ ನನಗೆ ಮೂರರಿಂದ ನಾಲ್ಕು ಗಂಟೆ. ಗಾಜಿನ ಕಪಾಟಲ್ಲಿ ಇಡುವಂಥದ್ದಕ್ಕೆ ಮೂವತ್ತು, ಮೂವತ್ತೈದು. ಹೌದು, ಒಂದು ಅಡಿಕೆಗೆ.

ಮಳೆಗಾಲ ಬಂತೆಂದರೆ ಇನ್ನೊಂದು ಕಥೆ. ಸ್ಪ್ರೇ ಪ್ರೈಮರ್ ಗಾಳಿಯಲ್ಲಿ ತೇವ ಇದ್ದರೆ ಸರಿಯಾಗಿ ಕೂರಲ್ಲ, ಗೊಂಬೆಯ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿಚಿಕೊಳ್ಳುತ್ತೆ. ವಿದೇಶಿ ವಿಡಿಯೋಗಳಲ್ಲಿ “ತೇವ ಇಲ್ಲದ ದಿನ ನೋಡಿ ಹೊಡೆಯಿರಿ” ಅಂತ ಹೇಳ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಿನವನ್ನು ನಾನು ಎಲ್ಲಿಂದ ತರಲಿ? ಆಗುಂಬೆಯ ಜಿಲ್ಲೆ ಮಾರಾಯ್ರೆ ಇದು. ಅದಕ್ಕೇ ಆ ನಾಲ್ಕು ತಿಂಗಳು ಬ್ರಷ್ಷಿನಲ್ಲೇ ಪ್ರೈಮರ್ ಹಚ್ಚೋದು, ಕೆಲಸ ದುಪ್ಪಟ್ಟು. ಕ್ಯಾಮೆರಾ ಲೆನ್ಸ್ ಫಂಗಸ್ ಹಿಡಿಯದ ಹಾಗೆ ಅಕ್ಕಿ ಡಬ್ಬಿಯಂಥ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಅಮ್ಮ ಅದನ್ನು “ನಿನ್ನ ಬಾಣಂತಿ ಕೋಣೆ” ಅಂತಾಳೆ.

ಇನ್ನು ವಿಡಿಯೋ. ನೀವು ಹನ್ನೆರಡು ನಿಮಿಷ ನೋಡಿ, ಊಟದ ಮಧ್ಯೆ ಎರಡು ಸಲ ಫಾರ್ವರ್ಡ್ ಮಾಡಿ ಮುಗಿಸುವ ಆ ವಿಡಿಯೋ ಒಂದು ವಾರದ ಕೆಲಸ. ಗೊಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ಹಚ್ಚಿದರೆ ಕ್ಯಾಮೆರಾಗೆ ನನ್ನ ತಲೆ ಮಾತ್ರ ಕಾಣುತ್ತೆ. ಹಾಗಾಗಿ ತೋಳು ಚಾಚಿ, ಲೆನ್ಸಿನ ಕೆಳಗೆ ಕೈ ಇಟ್ಟು, ಪಕ್ಕದ ಪರದೆಯಲ್ಲಿ ನೋಡ್ಕೊಂಡು ಹಚ್ಚಬೇಕು. ನಾಲ್ಕು ಗಂಟೆಯ ಗೊಂಬೆ ಎಂಟು ಗಂಟೆ ತಗೊಳ್ಳುತ್ತೆ. ಅದರ ಮೇಲೆ ಎಡಿಟಿಂಗ್, ಧ್ವನಿ, ಥಂಬ್‌ನೇಲ್. ಧ್ವನಿಯನ್ನು ರಾತ್ರಿ ಹನ್ನೊಂದರ ಮೇಲೇ ಮಾಡೋದು, ಯಾಕಂದ್ರೆ ಹಗಲು ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯ ಮೈಕು.

ಇದರ ದುಡ್ಡಿನ ಲೆಕ್ಕ ಯಾರೂ ಕೇಳಲ್ಲ, “ಎಷ್ಟು ಸಬ್‌ಸ್ಕ್ರೈಬರ್ಸ್?” ಅಂತ ಮಾತ್ರ ಕೇಳ್ತಾರೆ. ಹಾಗಾಗಿ ನಾನೇ ಹೇಳ್ತೀನಿ. ಜಾಹೀರಾತಿನ ದುಡ್ಡಲ್ಲಿ ಪಾಲು ಸಿಗೋಕೆ ಯೂಟ್ಯೂಬ್‌ನಲ್ಲಿ 1,000 ಸಬ್‌ಸ್ಕ್ರೈಬರ್‌ಗಳು ಬೇಕು, ಜೊತೆಗೆ ಒಂದು ವರ್ಷದೊಳಗೆ ಜನ ನಿಮ್ಮ ವಿಡಿಯೋಗಳನ್ನು 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ಹಾದಿಯಲ್ಲಿ ಹೋಗೋದಾದರೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್. ಅಲ್ಲಿವರೆಗೆ ಮಾಡಿದ್ದು ದೇವರ ಸೇವೆ. ಆಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ 55 ಭಾಗ ನಮಗೆ, 45 ಭಾಗ ಅವರಿಗೆ. 100 ಡಾಲರ್ ತುಂಬೋವರೆಗೆ ಆ ದುಡ್ಡೂ ಕೈಗೆ ಬರಲ್ಲ. ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಪಾಲಿನಲ್ಲಿ, ಫಾರ್ಮ್ ಸರಿಯಾಗಿ ತುಂಬಿದ್ದರೆ 15 ಶೇಕಡಾ ಅಲ್ಲಿನ ತೆರಿಗೆಗೆ ಹೋಗುತ್ತೆ. ಅದಕ್ಕೂ ನಾನು ಕೈ ಮುಗೀತೀನಿ, ಯಾಕಂದ್ರೆ ಅಲ್ಲಿ ನೋಡಿದ ಒಂದು ವ್ಯೂಗೆ ಸಿಗೋ ದುಡ್ಡಿನ ಮುಂದೆ ಸಾಗರದಲ್ಲೋ ಹಾಸನದಲ್ಲೋ ನೋಡಿದ ವ್ಯೂ ಚಿಲ್ಲರೆ. ಇದಕ್ಕೇ ನಾನು ಕನ್ನಡದಲ್ಲಿ ಮಾತಾಡೋ ವಿಡಿಯೋ ತಿಂಗಳಿಗೆ ಒಂದೇ. “ಕನ್ನಡದಲ್ಲಿ ಜಾಸ್ತಿ ಮಾಡಿ ಮೇಡಂ” ಅಂತ ಬರೆಯೋರಿಗೆ ನನ್ನ ಬಳಿ ಪ್ರೀತಿ ಇದೆ, ಉತ್ತರ ಇಲ್ಲ.

ನನ್ನ ಮೊದಲ 100 ಡಾಲರ್ ಆಗೋಕೆ ಹದಿನಾಲ್ಕು ತಿಂಗಳು ಹಿಡೀತು. ಇವತ್ತಿಗೂ ಲೆಕ್ಕ ಸರಳ: ಗೊಂಬೆಯಿಂದ ಮನೆ ನಡೆಯುತ್ತೆ, ವಿಡಿಯೋದಿಂದ ಬಣ್ಣ ಬರುತ್ತೆ. ಆದರೆ ವಿಡಿಯೋ ಇಲ್ಲದಿದ್ದರೆ ಗೊಂಬೆಯವರಿಗೆ ನಾನು ಇರೋದೇ ಗೊತ್ತಾಗಲ್ಲ. ಗೋಪಿ ಸರ್ಕಲ್‌ನಲ್ಲಿ ನಿಂತು “ರಾಕ್ಷಸರಿಗೆ ಬಣ್ಣ ಹಚ್ಚಿ ಕೊಡಲಾಗುವುದು” ಅಂತ ಬೋರ್ಡ್ ಹಿಡಿದರೆ ಯಾರು ಬರ್ತಾರೆ? ಅಲ್ಗಾರಿದಮ್ಮಿಗೆ ಬೈಯುವಾಗೆಲ್ಲ ಈ ಮಾತನ್ನೂ ನೆನಪಿಟ್ಟುಕೊಳ್ತೀನಿ. ನನಗೆ ಗಿರಾಕಿ ಕೊಟ್ಟಿದ್ದು ಅದೇ.

ಈಗ ಜಗಳಕ್ಕೆ ಬರ್ತೀನಿ. ನಾನು ಹುಟ್ಟಿ ಬೆಳೆದಿದ್ದು ಭದ್ರಾವತಿಯಲ್ಲಿ, ಶಿವಮೊಗ್ಗಕ್ಕೆ ಬಂದಿದ್ದು ಆಮೇಲೆ. ಭದ್ರಾವತಿ ಅಂದರೆ ಕೆಲಸಕ್ಕೆ ಗಂಟೆ ಇದೆ ಅಂತ ಕಲಿಸಿದ ಊರು. 1923ರಲ್ಲಿ ಕುಲುಮೆ ಹೊತ್ತಿದ ಕಬ್ಬಿಣದ ಕಾರ್ಖಾನೆ, ಮೂವತ್ತರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಎರಡರ ಶಿಫ್ಟಿಗೆ ತಕ್ಕ ಹಾಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ನಮ್ಮಪ್ಪ ಕಾಗದದ ಕಡೆ. ನೈಟ್ ಶಿಫ್ಟ್ ಮುಗಿಸಿ ಬಂದ ದಿನ ನಾವು ಮನೇಲಿ ಪಿಸುಗುಟ್ಟಿಕೊಂಡು ಆಡ್ತಿದ್ವಿ. ಹೆಚ್ಚುವರಿ ಕೆಲಸ ಮಾಡಿದ ತಿಂಗಳು ಸಂಬಳದ ಚೀಟಿಯನ್ನು ಅಪ್ಪ ಎರಡು ಸಲ ಓದೋರು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಇತ್ತು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು, ಅದರ ಮೇಲಿನದಕ್ಕೆ ಡಬಲ್ ಸಿಗ್ತಿತ್ತು. ಅಪ್ಪನಿಗೆ ಕಾಗದ ಮಾಡೋದು ಪ್ಯಾಶನ್ನಾ ಅಂತ ಯಾರೂ ಕೇಳಲಿಲ್ಲ. ಅವರಿಗೆ ಆ ಕೆಲಸ ಇಷ್ಟವೇ ಇತ್ತು, ಒಳ್ಳೆಯ ಕಾಗದವನ್ನು ಈಗಲೂ ಬೆರಳಲ್ಲಿ ಉಜ್ಜಿ ನೋಡ್ತಾರೆ. ಇಷ್ಟ ಇದೆ ಅಂತ ಯಾರೂ ಕೂಲಿ ಮುರಿದುಕೊಳ್ಳಲಿಲ್ಲ.

ಆ ಊರಲ್ಲೇ ಆಕಾಶವಾಣಿ ಕೇಂದ್ರ ಇದೆ, 1965ರಿಂದ. ಸುಗಮ ಸಂಗೀತದವರು, ಕೊಳಲಿನವರು, ನಾಟಕದವರು ಅಲ್ಲಿಗೆ ಹೋಗೋರು. ಆಕಾಶವಾಣಿಯ ಪದ್ಧತಿ ನಿಮಗೆ ಗೊತ್ತಿರಬಹುದು: ಆಡಿಷನ್, ಆಮೇಲೆ ದರ್ಜೆ. ಬಿ, ಬಿ ಹೈ, ಎ, ಟಾಪ್. ದರ್ಜೆಗೆ ತಕ್ಕ ಸಂಭಾವನೆ. ಕರೆಯೋ ಮುಂಚೆ ಕರಾರು ಪತ್ರ ಬರುತ್ತೆ, ಅದರಲ್ಲಿ ದಿನ, ಹೊತ್ತು, ದುಡ್ಡು ಎಲ್ಲ ಬರೆದಿರುತ್ತೆ, ಸಹಿ ಮಾಡಿ ಕಳಿಸಬೇಕು. ದುಡ್ಡು ದೊಡ್ಡದಲ್ಲ. ಬಸ್ ಛಾರ್ಜು, ಕಾಫಿ, ಒಂದು ಸೀರೆ. ಆದರೆ ಅರ್ಧ ಗಂಟೆ ಹಾಡಿದ್ದು ಕೆಲಸ, ಅದಕ್ಕೆ ಒಂದು ಬೆಲೆ, ಆ ಬೆಲೆ ಮೊದಲೇ ಕಾಗದದ ಮೇಲೆ. “ಇಡೀ ಮಲೆನಾಡು ಕೇಳುತ್ತೆ, ನಿಮಗೆ ಎಕ್ಸ್‌ಪೋಷರ್” ಅಂತ ರೇಡಿಯೋದವರು ಹೇಳಬಹುದಿತ್ತು. ಆ ಮಾತು ನಿಜವೂ ಆಗಿರ್ತಿತ್ತು! ಆದರೂ ಚೆಕ್ ಕೊಟ್ಟರು.

ಹಳೇ ಕಾಲದ ಭಜನೆ ಮಾಡ್ತಿದೀನಿ ಅಂದ್ಕೋಬೇಡಿ. ಆಡಿಷನ್‌ನಲ್ಲಿ ಬಿದ್ದು ಮನೆಗೆ ಹೋದವರ ಕಥೆ ಬೇರೆಯೇ ಇದೆ. ಕಾರ್ಖಾನೆಗಳಲ್ಲಿ ಕಾಯಂ ನೌಕರನ ಪಕ್ಕದಲ್ಲೇ ಅದೇ ಕೆಲಸ ಮಾಡುವ ಗುತ್ತಿಗೆಯವನಿಗೆ ಸಿಕ್ಕಿದ್ದು ಬೇರೆ ಲೆಕ್ಕ. ಮತ್ತೆ ಆ ಕಾರ್ಖಾನೆಗಳು ಎಲ್ಲಿವೆ? ಕಾಗದದ್ದು 2015-16ರ ಹೊತ್ತಿಗೆ ನಿಂತಿತು. ಉಕ್ಕಿನದನ್ನು 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ ತನ್ನೊಳಗೆ ಸೇರಿಸಿಕೊಂಡಿತು, 2023ರ ಜನವರಿಯಲ್ಲಿ ಅದೇ ಪ್ರಾಧಿಕಾರ ಮುಚ್ಚುತ್ತೇವೆ ಅಂದಿತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆ ಊರಿನ ನನ್ನ ವಯಸ್ಸಿನವರು ಒಂದೋ ಬೆಂಗಳೂರು ಬಸ್ ಹತ್ತಿದಾರೆ, ಇಲ್ಲಾ ನನ್ನ ಹಾಗೆ ಏನೋ ಒಂದು ಕಟ್ಟಿಕೊಂಡಿದಾರೆ. ಕೇಕ್, ಮೆಹೆಂದಿ, ಡ್ರೋನ್ ಶೂಟ್, ಕುಚ್ಚು. ನಮ್ಮಲ್ಲಿ ಯಾರಿಗೂ ಸಂಬಳದ ಚೀಟಿ ಇಲ್ಲ, ಎಲ್ಲರಿಗೂ ಪ್ಯಾಶನ್ ಇದೆ ಅಂತೆ.

ಈ ಪದ ಯಾರ ಬಾಯಲ್ಲಿ ಬರುತ್ತೆ ಗಮನಿಸಿ. ಕೆಲಸ ಮಾಡೋನ ಬಾಯಲ್ಲಿ ಅಪರೂಪ, ಮಾಡಿಸಿಕೊಳ್ಳೋನ ಬಾಯಲ್ಲಿ ಯಾವಾಗಲೂ. ನಿಮ್ಮ ಆಫೀಸಿನ ಉದ್ಯೋಗದ ಜಾಹೀರಾತು ತೆಗೆದು ನೋಡಿ, ಪ್ಯಾಶನೇಟ್ ಆಗಿರಬೇಕು ಅಂತ ಬರೆದಿರುತ್ತೆ. ಅದರ ಕನ್ನಡ ಅನುವಾದ “ಶನಿವಾರವೂ ಲ್ಯಾಪ್‌ಟಾಪ್ ತೆಗಿಬೇಕು”. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನೀವು ಎಷ್ಟು ಮೀಮ್ ಮಾಡಿದ್ರಿ! ನಾನೂ ಶೇರ್ ಮಾಡಿದೆ. ದುಡಿಮೆಗೆ ಲೆಕ್ಕ ಇರಬೇಕು ಅಂತ ಅವತ್ತು ನಿಮಗೆ ಗೊತ್ತಿತ್ತು. ಅದೇ ನೀವು ನನ್ನ ಇನ್‌ಬಾಕ್ಸಿಗೆ ಬಂದು “ನಿಮಗೆ ಹೇಗೂ ಇದು ಖುಷಿ ಕೊಡುತ್ತಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡಿ” ಅಂತೀರಿ. ನನ್ನ ಖುಷಿಯನ್ನು ನನ್ನ ಕೂಲಿಯಿಂದ ಕಳೆಯೋ ಹಕ್ಕು ನಿಮಗೆ ಯಾರು ಕೊಟ್ಟರು? ನಿಮಗೆ ಕೋಡ್ ಬರೆಯೋದು ಖುಷಿ ಕೊಟ್ಟ ತಿಂಗಳು ಕಂಪನಿಗೆ ಸಂಬಳ ವಾಪಸ್ ಮಾಡ್ತೀರಾ?

“ಹೇಗೂ ಮನೇಲೇ ಇರ್ತೀಯಲ್ಲ” ಅನ್ನೋದು ಇನ್ನೊಂದು. ನೀವು ಮನೆಯಿಂದ ಕೆಲಸ ಮಾಡಿದರೆ ಅದಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರದ ಹೆಸರಿದೆ, ಬಾಗಿಲು ಹಾಕಿಕೊಳ್ಳೋ ಹಕ್ಕಿದೆ, “ಕಾಲ್‌ನಲ್ಲಿದಾರೆ, ಶ್!” ಅನ್ನೋಕೆ ಮನೆಯವರಿದಾರೆ. ಒಬ್ಬ ಹೆಣ್ಣು ಮಗಳು ಮನೇಲಿ ಕೂತು ಬಣ್ಣ ಹಚ್ಚಿದರೆ ಅವಳು ಪುರುಸೊತ್ತಿಗಿದಾಳೆ ಅಂತ ಅರ್ಥ. ಗ್ಯಾಸ್ ಬಂದ್ರೆ ನಾನೇ, ಪಕ್ಕದ ಮನೆಯವರ ಪಾರ್ಸೆಲ್ ಬಂದ್ರೆ ನಾನೇ. ಒಮ್ಮೆ ಕಣ್ಣಿನ ಚುಕ್ಕೆ ಇಡೋ ಹೊತ್ತಿಗೆ ಕಾಲಿಂಗ್ ಬೆಲ್ ಆಗಿ ಒಂದು ಎಲ್ಫ್ ರಾಣಿಯ ಕೆನ್ನೆ ಮೇಲೆ ಹುಬ್ಬು ಬಂತು.

ಹಿನ್ನೀರಿನ ಕಡೆಯ ಒಂದು ರೆಸಾರ್ಟಿನವರ ಕಥೆ ಕೇಳಿ. ರಿಸೆಪ್ಶನ್ನಿನಲ್ಲಿಡೋಕೆ ಒಂದು ಹಳೇ ಮಲೆನಾಡು ಮನೆಯ ಮಾದರಿ ಬೇಕಂತೆ, ನಾಡಹೆಂಚು, ಅಂಗಳ, ಅಡಿಕೆ ಅಟ್ಟ, ಹಸು, ಜನ ಎಲ್ಲ ಸೇರಿ. ನನ್ನ ಲೆಕ್ಕದಲ್ಲಿ ಒಂದು ತಿಂಗಳ ಕೆಲಸ. ಅದಕ್ಕೆ ಅವರು ಕೊಡೋದು ಎರಡು ರಾತ್ರಿ ವಾಸ, ಬೆಳಗಿನ ತಿಂಡಿ ಸೇರಿ. ನಾನು ಶಿವಮೊಗ್ಗದವಳು, ಮಳೆ ನೋಡೋಕೆ ರೆಸಾರ್ಟಿಗೆ ಹೋಗಬೇಕಾ? ತಮಾಷೆ ಅಂದ್ರೆ, ಹೀಗೆ ಕೊಡೋ ಪುಕ್ಕಟೆ ಸೌಲಭ್ಯವೂ ಸಂಪಾದನೆಯೇ ಅಂತ ಆದಾಯ ತೆರಿಗೆ ಇಲಾಖೆಗೆ ಗೊತ್ತಿದೆ. 2022ರ ಜುಲೈಯಲ್ಲಿ 194ಆರ್ ಅನ್ನೋ ಕಲಂ ಬಂತು, ವ್ಯವಹಾರದ ಸಲುವಾಗಿ ಕೊಟ್ಟ ಉಚಿತ ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ದಾಟಿದರೆ 10 ಶೇಕಡಾ ಟಿಡಿಎಸ್. ಅಂದರೆ ಸರ್ಕಾರದ ದೃಷ್ಟಿಯಲ್ಲಿ ಆ ರೂಮು ನನ್ನ ಆದಾಯ, ರೆಸಾರ್ಟಿನವರ ದೃಷ್ಟಿಯಲ್ಲಿ ಅದು ಉಪಕಾರ. ಆ ರೂಮನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟು ತೊಗರಿಬೇಳೆ ತರೋದು ಹೇಗೆ ಅಂತ ಮಾತ್ರ ಇಬ್ಬರೂ ಹೇಳಲ್ಲ.

“ಆದರೆ ಇದು ವಿದೇಶಿ ಮಕ್ಕಳಾಟ, ನಮ್ಮ ಕಲೆ ಅಲ್ಲವಲ್ಲ” ಅಂತ ಗಂಭೀರವಾಗಿ ಹೇಳೋರೂ ಇದಾರೆ. ಅವರು ಮೈಸೂರಿನ ಗಂಜೀಫಾ ನೋಡಬೇಕು. ಅಂಗೈಯಲ್ಲಿ ಅಡಗೋ ದುಂಡನೆಯ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ, ಪ್ರತಿಯೊಂದಕ್ಕೂ ಕೈಯಲ್ಲೇ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅನ್ನೋ ಭಾಗವೇ ಇಂಥ ಆಟಗಳದ್ದು. ಅಳಿಲಿನ ಬಾಲದ ಕೂದಲಿನ ಕುಂಚದಲ್ಲಿ ಆಟದ ಎಲೆಗೆ ಮತ್ಸ್ಯಾವತಾರ ಬರೆದವನು ನನ್ನ ವೃತ್ತಿಯ ಹಿರಿಯ. ನನ್ನ ಕುಂಚ ಸೈಬೀರಿಯಾ ಕಡೆಯ ಕೊಲಿನ್‌ಸ್ಕಿ ಕೂದಲಿನದು, ನನ್ನ ಮತ್ಸ್ಯಕ್ಕೆ ಕೊಂಬಿದೆ, ಅಷ್ಟೇ ವ್ಯತ್ಯಾಸ.

ಹಾಗೆ ನೋಡಿದರೆ ಕೈಕೆಲಸಕ್ಕೆ ಮರ್ಯಾದೆ ಕೊಡೋದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಸಾಗರ, ಸೊರಬದ ಕಡೆ ಗುಡಿಗಾರರ ಮನೆಗೆ ಗಣಪತಿ ತರೋಕೆ ಹೋಗೋದು ನೋಡಿದೀರಲ್ಲ. ತಟ್ಟೆಯಲ್ಲಿ ಅಕ್ಕಿ, ವೀಳ್ಯದೆಲೆ, ಅಡಿಕೆ, ಮೇಲೆ ದುಡ್ಡು. ಚೌಕಾಸಿ ಮಾಡೋರು ಇದ್ದಾರು, ಆದರೆ “ನಮ್ಮ ಬೀದಿಯಲ್ಲಿ ಐನೂರು ಜನ ನೋಡ್ತಾರೆ, ನಿಮಗೆ ಎಕ್ಸ್‌ಪೋಷರ್, ಹಾಗೇ ಕೊಡಿ” ಅಂತ ಕೇಳೋ ಧೈರ್ಯ ಯಾರಿಗಿದೆ? ಗಣಪತಿಗಿರೋ ನಾಚಿಕೆ ಮ್ಯಾನೇಜರ್ ಬುಲೆಟ್ಟಿಗೆ ಯಾಕಿಲ್ಲ?

ತಪ್ಪು ನನ್ನದೂ ಇದೆ. ಮೊದಲ ಎರಡು ವರ್ಷ ನಾನೇ ಹೆದರಿ ಅರ್ಧ ರೇಟು ಹೇಳಿದೆ. ಎಷ್ಟೋ ಸಲ “ಪರವಾಗಿಲ್ಲ ಬಿಡಿ” ಅಂದೆ. ನಾನು ಹಾಗೆ ಅಂದಾಗಲೆಲ್ಲ ಇದೇ ಕೆಲಸ ಮಾಡುವ ಇನ್ನೊಬ್ಬರ ರೇಟನ್ನೂ ಕೆಳಗೆ ಎಳೆದೆ. ಹುಬ್ಬಳ್ಳಿಯ ಹುಡುಗನೊಬ್ಬ ನನಗಿಂತ ಚೆನ್ನಾಗಿ ಹಚ್ಚುತ್ತಾನೆ, “ಅಕ್ಕಾ, ನೀವು ಇಷ್ಟಕ್ಕೇ ಮಾಡ್ತೀರಂತಲ್ರೀ, ನನಗೂ ಅಷ್ಟೇ ಕೊಡ್ತಾರ್ರೀ” ಅಂತ ಒಮ್ಮೆ ಮೆಸೇಜ್ ಹಾಕಿದ. ಅವತ್ತಿನಿಂದ ರೇಟ್ ಕಾರ್ಡ್ ಮಾಡಿ ಎಲ್ಲರಿಗೂ ಕಾಣೋ ಹಾಗೆ ಹಾಕಿದೀನಿ. ಗಿರಾಕಿಗಳು ಸ್ವಲ್ಪ ಕಮ್ಮಿಯಾದರು. ಉಳಿದವರು ಹೇಳಿದ ದಿನಕ್ಕೆ ದುಡ್ಡು ಹಾಕ್ತಾರೆ.

ಭಾವನಿಗೂ ನಿನ್ನೆ ರಾತ್ರಿ ಕೊಟೇಶನ್ ಕಳಿಸಿದೆ. ಬುಲೆಟ್ ಸಮೇತ 3ಡಿ ಪ್ರಿಂಟಿಗೆ ಇಷ್ಟು, ಬಣ್ಣಕ್ಕೆ ಹದಿನೆಂಟು ಗಂಟೆ, ಗಂಟೆಗೆ 450 ರೂಪಾಯಿಯಂತೆ 8,100, ಕೊರಿಯರ್ ಬೇರೆ, ಅರ್ಧ ಮುಂಗಡ. ನಲವತ್ತು ಜನ ಹಂಚಿಕೊಂಡರೆ ಬಣ್ಣದ ಕೂಲಿ ತಲೆಗೆ ಇನ್ನೂರು ರೂಪಾಯಿ ಚಿಲ್ಲರೆ, ಅವರ ಆಫೀಸಿನ ಕೆಳಗಿನ ಕೆಫೆಯಲ್ಲಿ ಒಂದು ಕಾಫಿ. ಕಳಿಸೋ ಮುಂಚೆ ಅಪ್ಪನಿಗೆ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಸಂಬಳದ ಚೀಟಿ ಓದೋ ಹಾಗೆ ಎರಡು ಸಲ ಓದಿದರು.

“ಇದರಲ್ಲಿ ರಾತ್ರಿ ಕೂತು ಮಾಡೋದು ಎಷ್ಟು ಗಂಟೆ?”

“ಒಂದು ಹತ್ತು ಆಗಬಹುದು ಅಪ್ಪ. ಹಗಲು ಬೇರೆ ಆರ್ಡರ್ ಇದೆಯಲ್ಲ.”

“ಮತ್ತೆ ಅದಕ್ಕೂ ಸಿಂಗಲ್ ರೇಟೇ ಹಾಕಿದೀಯಲ್ಲೇ ಮಾರಾಯ್ತಿ?”